ಬಿಸಿನೀರಿಗೆ ಬಿಟ್ಟ ಏಣಿ

ಮುರುಟಿಕೊಂಡ ಆಟಿಕೆ ಬಸ್ಸೊಂದು ಕೈಗೆ ಬಂದರೆ ಗಾಡಿ ಅಕ್ಕ ಮೊದಲು ಅದನ್ನು ಮೂಸಿ ನೋಡುತ್ತಿದ್ದಳು. ಹುಳಿ ವಾಸನೆ ಹೊಡೆದರೆ, ‘ಇದು ಒಳಗಿಂದಲೇ ಹೋಗಿದೆ, ಇನ್ನು ಇದಕ್ಕೆ ಹಿಂಸೆ ಕೊಡಬಾರದು’ ಎಂದು ತಂದವರ ಕೈಗೇ ವಾಪಸು ಇಡುತ್ತಿದ್ದಳು. ವಾಸನೆ ಇಲ್ಲದಿದ್ದರೆ ತೊಡೆಯ ಮೇಲೆ ಟವೆಲು ಹಾಸಿಕೊಂಡು, ಬಸ್ಸಿನ ಹೊಟ್ಟೆಯಡಿಯ ತಿರುಪು ಬಿಚ್ಚಿ, ಚಾವಣಿ, ಕಿಟಕಿಪಟ್ಟಿ, ತಳ ಎಂದು ಒಂದೊಂದನ್ನೂ ಬೇರೆ ಮಾಡಿ, ಸೋಪಿನ ನೀರಲ್ಲಿ ಮೀಯಿಸಿ ಒರೆಸಿಡುವಳು. ಆಮೇಲೆ ಅಗಲ ಬಾಯಿಯ ಸ್ಟೀಲ್ ಬೋಗುಣಿಯಲ್ಲಿ ನೀರು ಕಾಯಲಿಡುವಳು.

ನೀರಿನ ಹದದಲ್ಲೇ ಇರುವುದು ಎಲ್ಲ. ಬೋಗುಣಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಬಂದು ಕೂರಬೇಕು; ಕೂತಲ್ಲಿಂದ ಏಳಬಾರದು. ಎದ್ದಿತೋ, ಬಸ್ಸಿನ ಚಾವಣಿ ಮುದುಡಿ ಮುದ್ದೆಯಾಯಿತೆಂದೇ ಲೆಕ್ಕ. ಉಷ್ಣಮಾಪಕವೊಂದು ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಅಲಂಕಾರಕ್ಕೆ. ‘ಅದು ನೀರಿನ ಬಿಸಿ ಹೇಳುತ್ತೆ, ಪ್ಲಾಸ್ಟಿಕ್ಕಿನ ಮನಸ್ಸು ಹೇಳಲ್ಲ’ ಎಂಬುದು ಅವಳ ವಾದ. ಮೆತ್ತಗಾದ ಚಾವಣಿಯನ್ನು ಮರದ ಚಮಚದಲ್ಲಿ ಎತ್ತಿ, ಅದೇ ಆಕಾರಕ್ಕೆಂದು ಗಾರೆಯಲ್ಲಿ ಎರಕ ಹೊಯ್ದಿಟ್ಟ ಅಚ್ಚಿನ ಮೇಲೆ ಕವುಚಿ, ಸುತ್ತ ಬಟ್ಟೆಕ್ಲಿಪ್ಪು ಹಾಕುವಳು. ಚಪ್ಪಟೆ ಭಾಗವಾದರೆ ಎರಡು ಗಾಜಿನ ನಡುವೆ ಹತ್ತಿಬಟ್ಟೆ ಸುತ್ತಿ ಅದುಮುವಳು. ಸೊಟ್ಟ ಎಡಕ್ಕಿದ್ದರೆ ನೆಟ್ಟಗೆ ತಂದು ನಿಲ್ಲಿಸಿದರೆ ಸಾಲದು, ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಿಡಬೇಕು. ಆರುವಾಗ ಅದು ಹಿಂದಕ್ಕೆ ಜಾರುತ್ತದೆ, ಜಾರಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಆರಿಸಲು ತಣ್ಣೀರು ಸುರಿಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ‘ತಣ್ಣೀರು ಹೊಯ್ದರೆ ಹೆದರಿ ನಿಲ್ಲುತ್ತೆ. ಹೆದರಿ ನಿಂತದ್ದು ನಾಳೆ ಮತ್ತೆ ಬಗ್ಗುತ್ತೆ.’

ಬೆಂಕಿಕಡ್ಡಿಗಿಂತ ತೆಳುವಾದ ಜೀಪಿನ ಗಾಜುಚೌಕಟ್ಟು, ಜೋತುಬಿದ್ದ ಟ್ರಾಕ್ಟರಿನ ಹೊಗೆಕೊಳವೆ, ಟೈರು ಕರಗಿ ಮೆತ್ತಿಕೊಂಡು ಗುಳಿಬಿದ್ದ ಲಾರಿಯ ಮಡ್‌ಗಾರ್ಡು, ಇವೆಲ್ಲ ಅವಳ ಮೇಜಿನಿಂದ ಎದ್ದು ಹೋಗುವಾಗ ಅಂಗಡಿಯಿಂದ ಈಗಷ್ಟೇ ಬಂದವರಂತೆ ನೆಟ್ಟಗೆ ನಿಂತಿರುತ್ತಿದ್ದವು. ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುತ್ತಿದ್ದರು. ಹೊಗಳಿದರೆ ನಾಚಿಕೊಳ್ಳುವ ಪೈಕಿ ಅವಳಲ್ಲ. ‘ನನ್ನ ಹಾಗೆ ಮಾಡೋರು ಇನ್ನೊಬ್ಬರಿದ್ರೆ ಕರ್ಕೊಂಡು ಬನ್ನಿ. ಕೂರಿಸಿ ಊಟ ಹಾಕ್ತೀನಿ. ಆಮೇಲೆ ಸೋಲಿಸ್ತೀನಿ.’

ಇಂಥವಳು ಒಂದೇ ಒಂದು ವಸ್ತುವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಕೆಂಪು ಫೈರ್ ಇಂಜಿನ್ನಿನ ಬೆನ್ನ ಮೇಲೆ ಮಡಚಿ ಮಲಗುವ ಹಳದಿ ಏಣಿ. ತಂದವರಿಗೆ, ‘ಇಂಜಿನ್ ಇಟ್ಟು ಹೋಗಿ, ಏಣಿ ತಗೊಂಡು ಹೋಗಿ’ ಎನ್ನುತ್ತಿದ್ದಳು. ಯಾಕೆಂದು ಕೇಳಿದರೆ, ‘ನನ್ನಿಷ್ಟ’. ಕಾರಣ ಅದೇ ಮನೆಯ ಅಡುಗೆಮನೆಯಲ್ಲಿ ಚಹಾ ಸೋಸುತ್ತಿತ್ತು. ಕಾರಣವೆಂದರೆ ಅವಳ ಒಡಹುಟ್ಟಿದ ತಂಗಿ.

ತಂಗಿಯನ್ನು ಬೀದಿಯವರು ಮೈಕು ಎಂದು ಕರೆಯುತ್ತಿದ್ದರು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿಗೆ, ಯಾವ ಅಂಕಣದಿಂದ ಎಂದು ಧ್ವನಿವರ್ಧಕದಲ್ಲಿ ಕೂಗಿ ಕೂಗಿಯೇ ನಿವೃತ್ತಳಾದವಳು. ಆ ಗಂಟಲಿಗೆ ಊರೇ ಮಾರುಹೋಗಿತ್ತು. ಬಸ್ಸು ತಪ್ಪಿಸಿಕೊಂಡವರೂ ಅವಳ ದನಿ ಕೇಳಿ ಕೋಪ ಇಳಿಸಿಕೊಳ್ಳುತ್ತಿದ್ದರಂತೆ. ಮನೆಯಲ್ಲೂ ಆ ಚಾಳಿ ಬಿಟ್ಟಿರಲಿಲ್ಲ. ‘ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಹೊರಟ ಚಹಾ ಕೆಲವೇ ಕ್ಷಣಗಳಲ್ಲಿ ಹಜಾರ ತಲುಪಲಿದೆ. ಸಕ್ಕರೆ ಕಮ್ಮಿ ಅಂತ ಗೊಣಗುವವರು ದಯವಿಟ್ಟು ಹಿಂದಿನ ಬಾಗಿಲಿನಿಂದ ಇಳಿಯಿರಿ.’

ನಗಿಸುತ್ತಿದ್ದಳು. ಆದರೆ ಕೈಯಿಂದ ಒಂದು ಮುಚ್ಚಳ ಜಾರಿದರೂ, ‘ನನ್ನ ಕೈಯೇ ಅಷ್ಟು ಬಿಡು’ ಎಂದುಬಿಡುತ್ತಿದ್ದಳು. ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ. ಅಕ್ಕಪಕ್ಕದ ಮನೆಯವರು ಹಸುಗೂಸು ತಂದು ಎತ್ತಿಕೋ ಎಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ‘ನೀವೇ ಹಿಡ್ಕೊಳ್ಳಿ, ನಾನು ಹಾಡ್ತೀನಿ’ ಎನ್ನುವಳು. ಅಕ್ಕನ ಮೇಜಿನ ಮೇಲಿನ ಗಾಡಿಗಳನ್ನಂತೂ ಒಮ್ಮೆಯೂ ಮುಟ್ಟಿದವಳಲ್ಲ. ಧೂಳು ಹೊಡೆಯುವಾಗಲೂ ಮೇಜಿನ ಅಂಚಿಗೇ ಬಟ್ಟೆ ನಿಲ್ಲುತ್ತಿತ್ತು.

ಈ ಕೈಗಳನ್ನು ಹೀಗೆ ಕಟ್ಟಿಹಾಕಿದ್ದು ಒಂದು ಕಾರ್ಖಾನೆ.

ಅಕ್ಕತಂಗಿ ಇಬ್ಬರೂ ಪ್ರಾಯದಲ್ಲಿ ಆಟಿಕೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕರಗಿದ ಪ್ಲಾಸ್ಟಿಕ್ಕನ್ನು ಯಂತ್ರ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುತ್ತಿತ್ತು. ಒಳಗೆ ಅದು ಆರಿ ಗಟ್ಟಿಯಾದ ಮೇಲೆ ಅಚ್ಚು ಬಾಯಿ ತೆರೆಯುತ್ತಿತ್ತು. ಯಂತ್ರದ ಮುಂದೆ ಕೂತ ಹೆಂಗಸು ಅದನ್ನು ಕಿತ್ತು, ಅಂಚಿಗೆ ಅಂಟಿಕೊಂಡ ಹೆಚ್ಚುವರಿ ಪ್ಲಾಸ್ಟಿಕ್ಕಿನ ಬಾಲ ಕತ್ತರಿಸಿ, ತಟ್ಟೆಗೆ ಎಸೆಯುತ್ತಿದ್ದಳು. ಫೈರ್ ಇಂಜಿನ್ನಿನ ಏಣಿಗೆಂದೇ ಎರಡು ಯಂತ್ರ. ಯಾವ ಏಣಿ ಯಾವ ಯಂತ್ರದ್ದೆಂದು ತಿಳಿಯಲು ಅಚ್ಚು ಕೊರೆಯುವವನು ಕೆಳಗಿನ ಮೆಟ್ಟಿಲಿನಲ್ಲಿ ಚುಕ್ಕೆಗಳನ್ನು ಮೂಡಿಸಿದ್ದ. ಒಂದರದು ಮೂರು ಚುಕ್ಕೆ, ಇನ್ನೊಂದರದು ನಾಲ್ಕು. ಮೂರು ಚುಕ್ಕೆಯ ಯಂತ್ರದ ಮುಂದೆ ತಂಗಿ ಕೂರುತ್ತಿದ್ದಳು.

ಊಟದ ಬಿಡುವಿನಲ್ಲಿ ಅವಳು ಓದುತ್ತಿದ್ದಳು. ತನ್ನಷ್ಟಕ್ಕೆ ಓದಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಓದುತ್ತಿದ್ದಳು. ಮೊದಲು ಹರಿದ ಪತ್ರಿಕೆಯ ಹಾಳೆ, ಆಮೇಲೆ ಓದುಕೂಟದವರು ಕೊಟ್ಟ ತೆಳ್ಳಗಿನ ಪುಸ್ತಕ, ಕೊನೆಗೆ ಕಾರ್ಮಿಕ ಕಾಯಿದೆಯ ಕೈಪಿಡಿ. ಡಬ್ಬಿಯ ಅನ್ನ ಆರುವವರೆಗೂ ಹೆಂಗಸರು ಕೈ ಅಲ್ಲೇ ಬಿಟ್ಟು ಕೇಳುತ್ತಿದ್ದರು. ಕೇಳಿದವರು ಕೇಳಿ ಸುಮ್ಮನಾಗಲಿಲ್ಲ. ಕೈ ಸಿಕ್ಕದಂತೆ ಯಂತ್ರದ ಬಾಯಿಗೆ ಇರಬೇಕಾದ ಕಾಪುಬಾಗಿಲು ಎಲ್ಲಿ ಹೋಯಿತು? ಅಚ್ಚಿನೊಳಗೆ ಆರುವ ಸಮಯವನ್ನು ದಿನದಿನಕ್ಕೂ ಯಾಕೆ ಕತ್ತರಿಸುತ್ತಿದ್ದೀರಿ? ಕಕ್ಕಸಿಗೆ ಬೀಗ ಯಾಕೆ? ಎಂದೂ ಕೇಳದಿದ್ದ ಬಾಯಿಗಳು ಇದನ್ನೆಲ್ಲ ಕೇಳತೊಡಗಿದವು.

ಅದೇ ಹೊತ್ತಿಗೆ ಅಂಗಡಿಗಳಿಂದ ಫೈರ್ ಇಂಜಿನ್ನುಗಳು ವಾಪಸು ಬಂದವು. ಏಣಿ ಹಾವಿನಂತೆ ಡೊಂಕಾಗಿದೆ, ಮೇಲಕ್ಕೇಳುವುದೇ ಇಲ್ಲ ಎಂದು ದೂರು. ಮ್ಯಾನೇಜರು ಏಣಿಗಳನ್ನು ಮೇಜಿನ ಮೇಲೆ ಹರಡಿದ. ಕೆಲಸ ನಿಲ್ಲಿಸಿ ಎಲ್ಲರನ್ನೂ ಸುತ್ತ ನಿಲ್ಲಿಸಿದ. ತಂಗಿಯನ್ನು ನಡುವೆ ಕರೆದು ಅಂಗೈ ಚಾಚಲು ಹೇಳಿದ. ಚಾಚಿದಳು.

‘ನೋಡ್ಕೊಳ್ಳಿ ಎಲ್ಲರೂ. ಬಿಸಿ ಇರೋವಾಗ್ಲೇ ಎಳೆದು ಎಲ್ಲಾ ಸೊಟ್ಟ ಮಾಡಿದ ಕೈ ಇದು. ಕೈಯಲ್ಲಿ ನಿಗಾ ಇಲ್ಲ, ಬಾಯಲ್ಲಿ ಮಾತ್ರ ಎಲ್ಲಾ ಇದೆ.’

ಮಾರನೆಯ ದಿನದಿಂದ ಅವಳಿಗೆ ಕೆಲಸವಿಲ್ಲ.

ಇದರ ಕುಯುಕ್ತಿಯನ್ನು ನೋಡಬೇಕು. ಓದಿದ್ದಕ್ಕೆ ತೆಗೆದಿದ್ದರೆ ಅಂದೇ ಇಡೀ ಶೆಡ್ಡು ಎದ್ದು ನಿಲ್ಲುತ್ತಿತ್ತು; ಅವಳೂ ಆ ವಜಾವನ್ನು ಪದಕದಂತೆ ಎದೆಗೆ ಚುಚ್ಚಿಕೊಂಡು ಗೇಟು ದಾಟುತ್ತಿದ್ದಳು. ಕೈ ಸರಿಯಿಲ್ಲ ಎಂದು ತೆಗೆದರೆ ಯಾರು ಏಳುತ್ತಾರೆ? ಒಬ್ಬೊಬ್ಬಳೂ ತನ್ನ ಕೈಯನ್ನು ನೋಡಿಕೊಂಡಳು. ಒಬ್ಬೊಬ್ಬಳಿಗೂ ತಾನು ಅವಸರದಲ್ಲಿ ಬಿಸಿಬಿಸಿ ಕಿತ್ತ ಒಂದಾದರೂ ಬಸ್ಸು ನೆನಪಿಗೆ ಬಂತು. ತಂಗಿಗೂ ಬಂತು. ಎಳೆದದ್ದು ಉಂಟು, ಎಳೆಯದೆ ಆ ವೇಗಕ್ಕೆ ಯಾರು ಮುಟ್ಟಿಯಾರು? ಹಾಗಾಗಿ ಅವಳು ನಂಬಿದಳು. ಸುಳ್ಳು ಆರೋಪಕ್ಕೆ ಹಿಡಿಯಷ್ಟು ನಿಜ ಬೆರೆಸಿದರೆ ಅದು ಎಷ್ಟು ಗಟ್ಟಿ ಕೂರುತ್ತದೆ ಎಂಬುದು ಆಳುವವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಅಂದಿನಿಂದ ಕೈಗೆ ಕೆಲಸ ಕೊಡದೆ ಬಾಯಿಗೆ ಕೊಟ್ಟುಕೊಂಡಳು.

ಅಕ್ಕ ಮ್ಯಾನೇಜರಿನ ಕೋಣೆಗೆ ನುಗ್ಗಿ ಜಗಳವಾಡಿದಳು, ಗೇಟಿನ ಮುಂದೆ ಕೂತಳು, ತನಗೂ ನೋಟೀಸು ಬರಿಸಿಕೊಂಡಳು. ಆದರೆ ಏಣಿ ಸೊಟ್ಟಗಾದದ್ದು ತಂಗಿಯ ಕೈಯಿಂದಲ್ಲ ಎಂದು ತೋರಿಸುವ ದಾರಿ ಅವಳಿಗೆ ಆಗ ತಿಳಿದಿರಲಿಲ್ಲ. ತಿಳಿದದ್ದು ಕಾರ್ಖಾನೆ ಮುಚ್ಚಿ, ಹಳೆಯ ಗಾಡಿಗಳನ್ನು ರಿಪೇರಿ ಮಾಡಲು ಕೂತು, ಎಷ್ಟೋ ಬೋಗುಣಿ ನೀರು ಕಾಯಿಸಿದ ಮೇಲೆ. ತಿಳಿದ ಮೇಲೂ ಅವಳು ಏಣಿ ಮುಟ್ಟಲಿಲ್ಲ. ಹೆದರಿದ್ದಳು.

ಕೊನೆಗೆ ಏಣಿಗಳ ಪೆಟ್ಟಿಗೆಯೊಂದನ್ನು ಮನೆಗೇ ತಂದವರು ಹಲ್ಲಿನ ಡಾಕ್ಟರು. ಹಳೆಯ ಆಟಿಕೆ ಗಾಡಿಗಳ ಹುಚ್ಚು ಹಿಡಿದ ದೊಡ್ಡ ಹೊಟ್ಟೆಯ ಮನುಷ್ಯ. ಮೊಂಡಾದ ಚಿಮಟ, ಕೊಕ್ಕೆಗಳನ್ನೆಲ್ಲ ಅಕ್ಕನಿಗೆ ತಂದುಕೊಟ್ಟು, ಅವಳು ಕೆಲಸ ಮಾಡುವುದನ್ನು ಬಾಯಿ ತೆರೆದು ನೋಡುತ್ತಾ ಕೂರುವವರು. ‘ಬಾಯಿ ಮುಚ್ಕೊಳ್ಳಿ ಡಾಕ್ಟ್ರೇ, ಅದು ನಿಮ್ಮ ರೋಗಿಗಳ ಕೆಲಸ’ ಎಂದು ತಂಗಿ ಛೇಡಿಸುತ್ತಿದ್ದಳು. ಅಂದು ಅಕ್ಕ ಬಟ್ಟೆಕ್ಲಿಪ್ಪು ತರಲು ಹೊರಗೆ ಹೋಗಿದ್ದಳು. ಮುಚ್ಚಿಹೋದ ಅಂಗಡಿಯೊಂದರ ಅಟ್ಟದಲ್ಲಿ, ಡೊಂಕೆಂದು ವಾಪಸು ಕಳಿಸಲು ಏಣಿ ಕಳಚಿ ಕಟ್ಟಿಟ್ಟು ಬಿಚ್ಚದೆ ಉಳಿದಿದ್ದ ಫೈರ್ ಇಂಜಿನ್ ಪೆಟ್ಟಿಗೆ ಸಿಕ್ಕಿತೆಂದು ಡಾಕ್ಟರು ಕುಣಿಯುತ್ತಾ ಬಂದು, ತಂಗಿಯ ಮುಂದೆ ಇಟ್ಟು, ರೋಗಿ ಕಾಯುತ್ತಿದ್ದಾರೆಂದು ಹಾಗೇ ಓಡಿದರು.

ಅಕ್ಕ ಮರಳಿದಾಗ ತಂಗಿ ಹಜಾರದ ನೆಲದ ಮೇಲೆ ಕೂತಿದ್ದಳು. ಮುಂದೆ ಪತ್ರಿಕೆ ಹಾಸಿತ್ತು. ಅದರ ಮೇಲೆ ಪೆಟ್ಟಿಗೆಯಿಂದ ಸುರಿದ ಫೈರ್ ಇಂಜಿನ್ನುಗಳ ಏಣಿಗಳು ಡೊಂಕುಡೊಂಕಾಗಿ ಬಿದ್ದಿದ್ದವು. ಅವನ್ನವಳು ಕೈಯಲ್ಲಿ ಮುಟ್ಟದೆ ಸೌಟಿನ ಹಿಡಿಯಿಂದ ಒಂದೊಂದಾಗಿ ಮಗುಚಿ ನೋಡುತ್ತಿದ್ದಳು.

‘ಇದರಲ್ಲಿ ಮೂರು ಚುಕ್ಕೆದು ಇದೆ ಅಕ್ಕ’ ಎಂದಳು.

ಅಕ್ಕನ ಕೈಯ ಚೀಲ ಅಲ್ಲೇ ಜಾರಿ ಬಿತ್ತು. ‘ಯಾರು ತಂದ್ರು ಇದನ್ನ? ಡಾಕ್ಟ್ರಾ? ಬರ್ಲಿ, ಇವತ್ತು ಅವರ ಹಲ್ಲು ನಾನು ಕೀಳ್ತೀನಿ. ಎತ್ತಿಡು ಅದನ್ನ.’

‘ನಾನು ಎತ್ತಲ್ಲ. ನನ್ನ ಕೈ ವಿಷಯ ಗೊತ್ತಲ್ಲ ನಿಂಗೆ.’

‘ಸರಿ, ನಾನೇ ಎತ್ತಿಡ್ತೀನಿ. ಏಳು.’

‘ಒಂದು ಮಾತು ಕೇಳ್ತೀನಿ, ಹೇಳು.’ ತಂಗಿ ಸೌಟನ್ನು ಅಡ್ಡ ಹಿಡಿದಳು. ‘ನೀನು ಯಾವಾಗ್ಲೂ ಗಾಜು, ಕ್ಲಿಪ್ಪು, ಅಚ್ಚು ಅಂತ ಹಾಕಿ ಅದುಮ್ತೀಯಲ್ಲ. ಏನೂ ಹಾಕದೆ ಬರೀ ಬಿಸಿನೀರಲ್ಲಿ ಬಿಟ್ರೆ ಏನಾಗುತ್ತೆ?’

ಅಕ್ಕ ಜಗತ್ತಿನ ಯಾವ ವಿಷಯದಲ್ಲಾದರೂ ಸುಳ್ಳು ಹೇಳಬಲ್ಲಳು. ಹಾಲಿನವನಿಗೆ ಹೇಳಿದ್ದಾಳೆ, ನೆಂಟರಿಗೆ ಹೇಳಿದ್ದಾಳೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

‘ಅದು ಹುಟ್ಟಿದ ಆಕಾರಕ್ಕೆ ಹೋಗುತ್ತೆ’ ಎಂದಳು.

‘ಅಂದ್ರೆ?’

‘ಅಚ್ಚಿನೊಳಗೆ ಸರಿಯಾಗಿ ಆರಿ, ನೆಟ್ಟಗೆ ಹೊರಗೆ ಬಂದು, ಆಮೇಲೆ ಎಲ್ಲೋ ಬಿಸಿಲಿಗೆ, ಭಾರಕ್ಕೆ ಬಗ್ಗಿದ್ರೆ, ನೀರಲ್ಲಿ ಬಿಟ್ಟಾಗ ವಾಪಸ್ ನೆಟ್ಟಗಾಗುತ್ತೆ. ತನ್ನಷ್ಟಕ್ಕೆ.’

‘ಬಿಸಿ ಇರೋವಾಗ್ಲೇ ಯಾರಾದ್ರೂ ಎಳೆದು ಬಗ್ಗಿಸಿದ್ರೆ?’

‘...ಆವಾಗ ಆ ಸೊಟ್ಟವೇ ಅದರ ಹುಟ್ಟು. ನೆಟ್ಟಗಾಗಲ್ಲ. ಇನ್ನೂ ತಿರುಚಿಕೊಳ್ಳುತ್ತೆ.’

ತಂಗಿ ಏಣಿಗಳನ್ನೇ ನೋಡುತ್ತಿದ್ದಳು. ‘ಇದು ನಿಂಗೆ ಯಾವಾಗಿಂದ ಗೊತ್ತು?’

‘ಆಯ್ತು ಬಹಳ ಕಾಲ.’

‘ನೀನು ಏಣಿ ಮುಟ್ಟದೇ ಇರೋದು ಅದಕ್ಕೇನಾ?’

‘ತಿರುಚಿಕೊಂಡ್ರೆ ಏನು ಮಾಡ್ಲೇ ನಾನು?’ ಅಕ್ಕನ ದನಿ ಏರಿತು. ‘ಒಂದು ಸಲ ನೀರಿಗೆ ಬಿಟ್ಟ ಮೇಲೆ ನೋಡಿಲ್ಲ ಅನ್ನೋಕಾಗುತ್ತಾ? ಗೊತ್ತಿಲ್ಲದೆ ಇದ್ರೆ ಅರ್ಧ ಆದ್ರೂ ಬದುಕಬಹುದು. ಅವನು ಹೇಳಿದ್ದೇ ನಿಜ ಅಂತಾದ್ರೆ?’

‘ಅವನು ಹೇಳಿದ್ದೇ ನಿಜ ಅಂತ ನಾನು ಬದುಕ್ತಾ ಇಲ್ವಾ?’ ತಂಗಿ ಅಷ್ಟೇ ತಣ್ಣಗೆ ಹೇಳಿದಳು. ‘ನಿಂಗೆ ಅರ್ಧ ಉಳಿದಿತ್ತು ಅಕ್ಕ. ನಂಗೆ ಅದೂ ಇರಲಿಲ್ಲ. ಹೆದರೋದಿದ್ರೆ ನಾನು ಹೆದರಬೇಕಿತ್ತು, ನೀನ್ಯಾಕೆ ನನ್ನ ಹೆದರಿಕೆ ಎತ್ಕೊಂಡು ಕೂತೆ?’

ಅಕ್ಕ ಬಿದ್ದ ಚೀಲವನ್ನು ಎತ್ತಿಕೊಂಡಳು. ‘ಊಟಕ್ಕೇನಿದೆ?’ ಎಂದಳು.

‘ನಾಳೆ ನೀರು ಕಾಯಿಸು’ ಎಂದಳು ತಂಗಿ. ‘ಊಟಕ್ಕೆ ನಿನ್ನ ತಲೆ ಇದೆ.’

ಮಾರನೆಯ ಬೆಳಿಗ್ಗೆ ಡಾಕ್ಟರನ್ನು ಕರೆಸಿದರು, ಏಣಿ ಅವರದಲ್ಲವೇ. ಸೋಫಾದಂಚಿನಲ್ಲಿ ಕೂತು ಕಥೆಯನ್ನೆಲ್ಲ ಕೇಳಿದ ಅವರು ಎರಡು ಸಲ ಕನ್ನಡಕ ಒರೆಸಿಕೊಂಡರು.

‘ಹಾಳಾಗಬಹುದು’ ಎಂದಳು ಅಕ್ಕ. ‘ಮೊದಲೇ ಹೇಳ್ತಿದೀನಿ.’

‘ಆಗ್ಲಿ ಬಿಡಿ ಅಮ್ಮ. ಕಟ್ಟಿದ ತಂತಿ ಬಿಚ್ಚಿದ್ರೆ ಹಲ್ಲು ಹಳೇ ಜಾಗಕ್ಕೇ ಹೋಗ್ಬಿಡುತ್ತೆ ಅಂತ ನಾನು ದಿನಾ ಮಕ್ಕಳಿಗೆ ಬೈತಿರ್ತೀನಿ. ಹಳೇ ಜಾಗಕ್ಕೆ ಹೋಗೋದು ಒಳ್ಳೇ ಸುದ್ದಿನೂ ಆಗಬಹುದು ಅಂತ ಇವತ್ತೇ ಹೊಳೀತಿರೋದು.’

‘ಅಷ್ಟು ದೂರ ಕೂತ್ಕೊಳ್ಳಿ. ನಿಮ್ಮ ಉಸಿರಿಗೇ ಬೋಗುಣಿ ಅಲ್ಲಾಡ್ತಿದೆ’ ಎಂದಳು ತಂಗಿ.

ಅಕ್ಕ ಒಲೆ ಹಚ್ಚಿದಳು. ಅವಳು ಅಂದು ಕೆಲಸ ಮಾಡಿದ ರೀತಿಯನ್ನು ನೆನೆದರೆ ಈಗಲೂ ಡಾಕ್ಟರ ಕಣ್ಣು ಅಗಲವಾಗುತ್ತದೆ. ಕಿಟಕಿ ಮುಚ್ಚಿದಳು, ಗಾಳಿ ನೀರನ್ನು ಒಂದು ಕಡೆಯಿಂದ ತಣಿಸಬಾರದೆಂದು. ಬೋಗುಣಿಯ ತಳಕ್ಕೆ ಬಟ್ಟೆಯ ಮಡಿಕೆ ಹಾಸಿದಳು, ಲೋಹದ ಬಿಸಿ ನೇರ ತಾಗಬಾರದೆಂದು. ಉರಿ ಇಳಿಸಿದಳು, ಏರಿಸಿದಳು, ಮತ್ತೆ ಕೂದಲಷ್ಟು ಇಳಿಸಿದಳು. ಅಂಚಿನ ಸುತ್ತ ಗುಳ್ಳೆಗಳು ಬಂದು ಕೂತವು, ಏಳಲಿಲ್ಲ. ಅದೇ ಪ್ಲಾಸ್ಟಿಕ್ಕಿನ ಒಂದು ಮುರಿದ ಚೂರನ್ನು ಬಿಟ್ಟು, ಎತ್ತಿ, ಉಗುರಿನಿಂದ ಒತ್ತಿ, ಕಿವಿಯ ಹತ್ತಿರ ಮಡಚಿ ಕೇಳಿದಳು. ಚಟಕ್ಕೆನ್ನಲಿಲ್ಲ. ಹದ ಬಂದಿತ್ತು. ಅಳುವ ಮಗುವನ್ನು ಮಲಗಿಸಿದವಳಷ್ಟು ಮೆಲ್ಲಗೆ ಒಲೆಯಿಂದ ಹಿಂದೆ ಸರಿದಳು.

‘ಹಾಕು’ ಎಂದಳು ತಂಗಿ.

‘ನಾನು ಹಾಕಲ್ಲ.’

‘ಏನೇ ನಾಟಕ ನಿನ್ನದು?’

‘ನಾಟಕ ಅಲ್ಲ ಕಣೇ. ನಾನು ಹಾಕಿ ಅದು ನೆಟ್ಟಗಾಯ್ತು ಅಂತಿಟ್ಕೋ. ಅಕ್ಕ ಏನೋ ಕೈಚಳಕ ತೋರ್ಸಿದ್ಲು, ನನ್ನ ಸಮಾಧಾನಕ್ಕೆ ನೀರೊಳಗೇ ಸರಿ ಮಾಡಿದ್ಲು ಅಂತ ನಿಂಗೆ ಸಾಯೋತನಕ ಅನ್ಸುತ್ತೆ. ನಂಗೆ ನೀನು ಗೊತ್ತು. ನೀನೇ ಹಾಕು.’

ಅದು ಸರಿಯೇ ಇತ್ತು. ಅಕ್ಕನ ಪ್ರೀತಿಯನ್ನೂ ಅಕ್ಕನ ಕೈಗುಣವನ್ನೂ ತಂಗಿ ಚೆನ್ನಾಗಿ ಬಲ್ಲಳು. ಎರಡೂ ಕೂಡಿದರೆ ಎಂಥ ಸುಳ್ಳನ್ನಾದರೂ ನೆಟ್ಟಗೆ ನಿಲ್ಲಿಸಬಲ್ಲವು.

ತಂಗಿ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು. ಪತ್ರಿಕೆಯ ಮೇಲೆ ಬಾಗಿ, ಮೂರು ಚುಕ್ಕೆಯ ಏಣಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎತ್ತಿದಳು. ಅದು ಎರಡು ಕಡೆ ಡೊಂಕಾಗಿತ್ತು. ನಡು ಒಳಕ್ಕೆ ಕುಸಿದು, ಮೇಲ್ಭಾಗ ಹೊರಕ್ಕೆ ತಿರುಗಿತ್ತು. ಅದನ್ನು ನೀರ ಮೇಲೆ ಹಿಡಿದು ಬಿಟ್ಟಳು.

ಏಣಿ ತಳಕ್ಕಿಳಿದು ಮಲಗಿತು. ಏನೂ ಆಗಲಿಲ್ಲ. ಡಾಕ್ಟರು ಏನೋ ಹೇಳಲು ಬಾಯಿ ತೆರೆದರು, ಅಕ್ಕತಂಗಿ ಇಬ್ಬರೂ ಒಟ್ಟಿಗೆ ಅವರನ್ನು ನೋಡಿದರು, ಡಾಕ್ಟರು ಮುಚ್ಚಿಕೊಂಡರು.

ಆಮೇಲೆ ಒಂದು ತುದಿ ಕದಲಿತು. ನೀರಿನ ಸೆಳೆತವೋ ಎಂದು ಅಕ್ಕ ಬಗ್ಗಿದಳು. ಸೆಳೆತವಲ್ಲ. ನಡುವಿನ ಕುಸಿತ ಮೆಲ್ಲಗೆ ಮೇಲೇಳುತ್ತಿತ್ತು. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದವರು ಬೆನ್ನು ಚಾಚುವಂತೆ ಏಣಿ ತನ್ನ ಉದ್ದವನ್ನು ಬಿಚ್ಚುತ್ತಿತ್ತು. ಒಂದೊಂದೇ ಮೆಟ್ಟಿಲಿನ ನೆರಳು ತಳದ ಬಟ್ಟೆಯ ಮೇಲೆ ಸಾಲಿಗೆ ಬಂದು ನಿಂತಿತು. ಯಾರೂ ಮುಟ್ಟಿರಲಿಲ್ಲ. ಗಾಜಿಲ್ಲ, ಕ್ಲಿಪ್ಪಿಲ್ಲ. ಯಾರ ದಯೆಯೂ ಇಲ್ಲ. ತಾನು ಹೇಗೆ ಹುಟ್ಟಿದೆನೆಂದು ಅದಕ್ಕೆ ಗೊತ್ತಿತ್ತು, ಹಾಗೇ ಹೋಗಿ ನಿಂತಿತು.

‘ಕಾರ್ಖಾನೆ ಗೋಡೌನು ಕಣೇ’ ಎಂದಳು ಅಕ್ಕ. ‘ತಗಡಿನ ಮಾಡಿನ ಕೆಳಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಕಟ್ಟಾಗಿ ಗೋಡೆಗೆ ಒರಗಿಸಿಡ್ತಿದ್ರು. ಅದರ ಮೇಲೆ ಆಟಿಕೆ ಲಾರಿಗಳ ಪೆಟ್ಟಿಗೆ. ಒಂದು ಸಲ ಒಳಗೆ ಹೋಗಿ ತಲೆ ಸುತ್ತಿ ಬಿದ್ದಿದ್ದೆ ನಾನು, ಅಷ್ಟು ಧಗೆ. ಅವರ ಗೋಡೌನು ಬಗ್ಗಿಸಿದ್ದು, ನಿನ್ನ ಕೈಯಲ್ಲ...’

ತಂಗಿ ಕೇಳುತ್ತಿರಲಿಲ್ಲ. ಬೋಗುಣಿಯ ಮೇಲೆ ಮೂಗು ತಾಗುವಷ್ಟು ಬಾಗಿದ್ದಳು.

‘ಮೇಲಿನ ತುದಿ ಬಂದಿಲ್ಲ’ ಎಂದಳು.

ನಿಜ. ಏಣಿಯ ಉದ್ದವೆಲ್ಲ ಅಳತೆಪಟ್ಟಿಯಂತಾಗಿತ್ತು. ತುತ್ತತುದಿಯ ಮೆಟ್ಟಿಲು ಮಾತ್ರ ಉಗುರಿನಷ್ಟು ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ನೀರಿಗೆ ಬೀಳುವ ಮುನ್ನ ಇದ್ದದ್ದಕ್ಕಿಂತ ಒಂದು ಕೂದಲು ಹೆಚ್ಚೇ.

‘ಅದು ಎಲ್ಲಾ ಅಚ್ಚಲ್ಲೂ ಇರುತ್ತೆ’ ಎಂದಳು ಅಕ್ಕ, ಬೇಗ ಬೇಗ.

‘ಸುಳ್ಳು ನಿಂಗೆ ಬರಲ್ಲ, ಯಾಕೆ ಕಷ್ಟಪಡ್ತೀಯ?’ ತಂಗಿ ಚಮಚ ಕೇಳಲಿಲ್ಲ. ಬಿಸಿನೀರಿಗೆ ನೇರ ಬೆರಳು ಹಾಕಿ ಏಣಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ‘ಇದು ನಾನೇ. ಅಚ್ಚು ಬಾಯಿ ಬಿಟ್ಟ ತಕ್ಷಣ ಈ ತುದಿ ಹಿಡಿದು ಎಳೀತಿದ್ದೆ. ಬೆರಳು ಸುಡುತ್ತೆ ಅಂತ ಹೀಗೆ ಮೇಲಕ್ಕೆ ಜಗ್ಗಿ ಎಸೀತಿದ್ದೆ. ಈಗ್ಲೂ ಕೈಗೆ ನೆನಪಿದೆ.’ ಜಗ್ಗುವಂತೆ ಮಣಿಕಟ್ಟನ್ನು ತಿರುಗಿಸಿ ತೋರಿಸಿದಳು. ಸುರುಳಿ ಅದೇ ದಿಕ್ಕಿಗಿತ್ತು.

ಅಕ್ಕ ತುಟಿ ಕಚ್ಚಿಕೊಂಡಳು. ಅವಳು ಹೆದರಿದ್ದು ಇದಕ್ಕೇ.

ಡಾಕ್ಟರು ಮೆಲ್ಲಗೆ ಎದ್ದು ಬಂದರು. ಕೈಯಲ್ಲಿ ಏಣಿಯಿಲ್ಲದ ಫೈರ್ ಇಂಜಿನ್ನೊಂದಿತ್ತು. ‘ಒಂದು ನಿಮಿಷ ಕೊಡ್ತೀರಾ ಅಮ್ಮ?’ ಎಂದು, ಏಣಿ ಪೂರ್ತಿ ಆರುವವರೆಗೆ ಕಾದು, ಬುಡದ ಗೂಟಗಳನ್ನು ಇಂಜಿನ್ನಿನ ಬೆನ್ನಿನ ತೂತುಗಳಿಗೆ ಕೂರಿಸಿದರು. ಪಕ್ಕದ ಪುಟ್ಟ ಹಿಡಿಯನ್ನು ತಿರುಗಿಸಿದರು. ಏಣಿ ಎದ್ದಿತು. ಎಲ್ಲೂ ತಡೆಯದೆ, ಉಜ್ಜದೆ, ನೆಟ್ಟಗೆ ಮೇಲೆದ್ದು ನಿಂತಿತು. ತುದಿಯ ಸುರುಳಿ ಮೇಲೆಲ್ಲೋ ಗಾಳಿಯಲ್ಲಿತ್ತು, ಯಾವುದಕ್ಕೂ ತಾಗುತ್ತಿರಲಿಲ್ಲ.

‘ಏರುತ್ತಲ್ಲ!’ ಎಂದರು ಡಾಕ್ಟರು. ‘ಈ ತುದಿ ಇದ್ರೂ ಏರುತ್ತೆ. ಮಕ್ಕಳಿಗೆ ಏನೂ ತೊಂದರೆ ಆಗ್ತಿರಲಿಲ್ಲ. ವಾಪಸ್ ಬಂದದ್ದು ಇದಕ್ಕಲ್ಲ.’

ತಂಗಿ ಇಂಜಿನ್ನನ್ನು ಅವರ ಕೈಯಿಂದ ಇಸಿದುಕೊಂಡಳು. ಹಿಡಿ ತಿರುಗಿಸಿದಳು. ಇಳಿಸಿದಳು. ಮತ್ತೆ ಏರಿಸಿದಳು. ಮುಖ ಕೆಂಪೇರಿತು. ಅವಳು ಅಳುತ್ತಾಳೆಂದು ಅಕ್ಕ ಮುಂದೆ ಬಂದಳು, ಅಳಲಿಲ್ಲ.

‘ಇಷ್ಟು ನನ್ನದು’ ಎಂದಳು, ಉಗುರಿನಿಂದ ಸುರುಳಿಯನ್ನು ಮುಟ್ಟಿ. ‘ಒಪ್ಕೋತೀನಿ. ಆರೋಕೆ ಬಿಡದೆ ಓಡಿಸಿದ್ರು, ನಾನು ಎಳೆದೆ. ಆದ್ರೆ ಉಳಿದ ಇಷ್ಟುದ್ದ’, ಬುಡದಿಂದ ತುದಿಯ ತನಕ ಬೆರಳು ಎಳೆದಳು, ‘ಇದು ಪೂರ್ತಿ ಅವರದು. ಇದನ್ನ ನಾನು ಯಾಕೆ ಹೊತ್ತೆ? ಥೂ! ನನ್ನ ಪಾಲಿಗಿಂತ ಒಂದು ಮೆಟ್ಟಿಲು ಜಾಸ್ತಿ ಹೊರಲ್ಲ ಇನ್ನು.’

ನಿಲ್ದಾಣದ ಗದ್ದಲವನ್ನು ದಾಟಿ ಹೋಗುತ್ತಿದ್ದ ದನಿ ಅದು. ಹಜಾರದ ಗಾಜುಗಳು ಜುಮ್ಮೆಂದವು. ತನ್ನ ತಪ್ಪನ್ನು ಉಗುರಿನಷ್ಟೆಂದು ಅಳೆದು, ಅಷ್ಟನ್ನು ಮಾತ್ರ ಕೈಯಲ್ಲಿ ಹಿಡಿದು, ಉಳಿದದ್ದನ್ನು ಅದರ ಒಡೆಯರ ಮುಖಕ್ಕೆ ಎಸೆಯುವ ಧೈರ್ಯ ಎಷ್ಟು ಜನಕ್ಕಿದೆ? ಪೂರ್ತಿ ಹೊತ್ತು ಸಾಯುವವರಿದ್ದಾರೆ, ಪೂರ್ತಿ ಕೊಡವಿಕೊಂಡು ಮೆರೆಯುವವರಿದ್ದಾರೆ. ಅಕ್ಕ ಎಷ್ಟೋ ಗಾಡಿಗಳನ್ನು ನೆಟ್ಟಗೆ ಮಾಡಿದವಳು, ಇಷ್ಟು ನೆಟ್ಟಗೆ ನಿಂತದ್ದನ್ನು ನೋಡಿರಲಿಲ್ಲ. ಹೊಗಳಿಕೆ ತೆಗೆದುಕೊಂಡು ಅಭ್ಯಾಸವಿದ್ದವಳಿಗೆ ಕೊಡುವುದು ಹೇಗೆಂದು ತಿಳಿಯದೆ, ‘ತುದಿ ಸರಿ ಮಾಡಿಕೊಡ್ಲಾ? ಒಂದು ಕ್ಲಿಪ್ಪಿನ ಕೆಲಸ’ ಎಂದಳು.

‘ಕೂತ್ಕೋ ನೀನು. ನನ್ನದು ಅಂದ್ನಲ್ಲ? ನಾನೇ ಮಾಡ್ತೀನಿ.’

ಏಣಿ ಬಿಚ್ಚಿ ತುದಿಯನ್ನಷ್ಟೇ ಬಿಸಿನೀರಿಗೆ ಅದ್ದಿ ಹಿಡಿದಳು. ಮೆತ್ತಗಾದ ಮೇಲೆ ಎತ್ತಿ, ಎರಡು ಹೆಬ್ಬೆರಳುಗಳಿಂದ ಸುರುಳಿಯನ್ನು ಒತ್ತಿ ಬಿಡಿಸಿದಳು.

‘ಎದುರು ದಿಕ್ಕಿಗೆ ಎಷ್ಟು ಬಗ್ಗಿಸಬೇಕು?’

‘ಅದು... ಹೇಳಕ್ಕೆ ಬರಲ್ಲ. ಕೈಗೆ ಗೊತ್ತಾಗಬೇಕು.’

‘ಹಾಗಾದ್ರೆ ಸುಮ್ಮನಿರು, ಕೈ ಕೇಳಿಸ್ಕೊಳ್ಳುತ್ತೆ.’

ಹಾಗೇ ಹಿಡಿದು ನಿಂತಳು. ಬೆರಳ ತುದಿಗಳು ಕೆಂಪಾಗಿದ್ದವು, ಕದಲಲಿಲ್ಲ. ಆರಿದ ಮೇಲೆ ಕೈ ಬಿಟ್ಟಳು. ಏಣಿಯನ್ನು ಅಕ್ಕ ಗಾಜಿನ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ತಂದು ನೋಡಿದಳು; ತಿರುಗಿಸಿ ನೋಡಿದಳು; ತಪ್ಪು ಹುಡುಕಲು ಮನಸ್ಸಿಟ್ಟು ನೋಡಿದಳು.

‘ಎಡಕ್ಕೆ ಒಂದು ಎಳೆ...’ ಎಂದು ಶುರುಮಾಡಿದಳು.

‘ಎಲ್ಲಿ? ತೋರ್ಸು.’

ತೋರಿಸಲು ಇರಲಿಲ್ಲ. ‘ಪರವಾಗಿಲ್ಲ’ ಎಂದಳು ಗಾಡಿ ಅಕ್ಕ. ಅವಳ ಬಾಯಿಂದ ಇನ್ನೊಬ್ಬರ ಕೆಲಸದ ಬಗ್ಗೆ ಆ ಮಾತು ಕೇಳಿದ ಹೊರಗಿನವನು ತಾನೊಬ್ಬನೇ ಎಂದು ಡಾಕ್ಟರು ಈಗಲೂ ಜಂಬ ಕೊಚ್ಚಿಕೊಳ್ಳುತ್ತಾರೆ.

ತಂಗಿ ಆಗಲೇ ಪತ್ರಿಕೆಯ ಮುಂದೆ ಕೂತು ಉಳಿದ ಏಣಿಗಳನ್ನು ಬರಿಗೈಯಲ್ಲಿ ಕೆದಕುತ್ತಿದ್ದಳು. ಒಂದನ್ನು ಎತ್ತಿ ಬುಡ ನೋಡಿದಳು. ನಾಲ್ಕು ಚುಕ್ಕೆ.

‘ಆ ಮಿಷನ್ನಿನ ಮುಂದೆ ಕೂರ್ತಿದ್ದವಳು ನೆನಪಿದಾಳಾ ಅಕ್ಕ? ನಾನು ಓದುವಾಗ ಪಕ್ಕದಲ್ಲಿ ಕೂತು ಹಾಳೆ ಮಗುಚ್ತಿದ್ದಳಲ್ಲ? ನನ್ನ ಹಿಂದೇನೇ ಅವಳನ್ನೂ ಕಳಿಸಿದ್ರು. ಇದೇ ಮಾತು ಹೇಳಿ.’

‘ಸೇತುವೆ ಆಚೆ ಮಗಳ ಮನೇಲಿದಾಳೆ. ಮೊನ್ನೆ ಔಷಧಿ ಅಂಗಡೀಲಿ ಸಿಕ್ಕಿದ್ದಳು.’ ಅಕ್ಕ ಏಣಿಗೆ ಕೈ ಚಾಚಿದಳು. ‘ಕೊಡು, ನೀರು ಹದವಾಗಿದೆ, ಇದನ್ನೂ ನೋಡಿಬಿಡೋಣ.’

ತಂಗಿ ಏಣಿಯನ್ನು ಕೊಡಲಿಲ್ಲ. ಅದನ್ನು ಕೈಬಟ್ಟೆಯಲ್ಲಿ ಸುತ್ತಿ ಮೇಜಿನ ನಡುವೆ ಇಟ್ಟು ಎದ್ದಳು. ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದಳು.

‘ಮುಟ್ಟಬೇಡಿ ಯಾರೂ’ ಎಂದಳು. ‘ಒಲೆ ಆರಿಸಬೇಡ. ಅವಳನ್ನ ಕರ್ಕೊಂಡು ಬರ್ತೀನಿ. ಅವಳದ್ದನ್ನ ಅವಳೇ ಹಾಕ್ಲಿ.’